ಮುರಕಲ್ಲಿನ ನೆಲದಲ್ಲಿ ‘ಹಾಹಾ’ ಅಗಳು ತೋಡುವುದು

ಇಂಗ್ಲೆಂಡಿನ ಹಳೆಯ ಎಸ್ಟೇಟ್ ಬಂಗಲೆಗಳ ಮುಂದಿನ ಹುಲ್ಲುಹಾಸು ಬೇಲಿಯೇ ಇಲ್ಲದೆ ಮೇವಿನ ಬಯಲಿಗೆ ಸೇರಿದಂತೆ ಕಾಣುತ್ತದೆ. ಆದರೂ ದನ ಅಂಗಳಕ್ಕೆ ಬರುವುದಿಲ್ಲ. ತಡೆಯುವುದು ‘ಹಾಹಾ’ ಎಂಬ ಅಗಳು, ಅಂದರೆ ಕಂದಕ. ಬಕಿಂಗ್‌ಹ್ಯಾಮ್‌ಶೈರಿನ ಸ್ಟೋ ಎಸ್ಟೇಟಿನಲ್ಲಿ ಚಾರ್ಲ್ಸ್ ಬ್ರಿಡ್ಜ್‌ಮನ್ 18ನೇ ಶತಮಾನದ ಮೊದಲ ಭಾಗದಲ್ಲೇ ಇದನ್ನು ಬಳಸಿದ್ದ. 1740ರ ದಶಕದಲ್ಲಿ ಅಲ್ಲಿ ಮುಖ್ಯ ತೋಟಗಾರನಾಗಿದ್ದ ಲ್ಯಾನ್ಸೆಲಾಟ್ ಬ್ರೌನ್ ಮುಂದೆ ಬೇರೆ ಎಸ್ಟೇಟುಗಳಲ್ಲೂ ಮಾಡಿಸಿದ. ನಮ್ಮ ಅಡಿಕೆ ತೋಟದ ಅಗಳಿನಂತೆ ಇದರ ಎರಡು ಬದಿಯೂ ಕಡಿದಾಗಿರುವುದಿಲ್ಲ: ಮನೆಯ ಕಡೆ ಗೋಡೆ, ಗುಡ್ಡೆಯ ಕಡೆ ಇಳಿಜಾರು.

ಕಾಸರಗೋಡಿನ ಕಡೆ ಮಾಡುವುದಾದರೆ ಆಳ ನಾಲ್ಕೂವರೆ ಅಡಿ, ತಳದ ಅಗಲ ಎರಡಡಿ, ಇಳಿಜಾರಿಗೆ ಹತ್ತಡಿ ಸಾಕು. ಮೊದಲು ಜಗಲಿಯಲ್ಲಿ ಕೂತು ನೋಟ ಅಳೆಯಿರಿ. ಕಣ್ಣು ಅಂಗಳದಿಂದ ಆರಡಿ ಎತ್ತರದಲ್ಲಿದ್ದು ಅಗಳು 72 ಅಡಿ ದೂರವಿದ್ದರೆ, ಆಚೆ ಇಳಿಜಾರಿನ ಮೇಲಿನ ಒಂದಡಿಗೂ ಕಡಿಮೆ ಆಳವಷ್ಟೇ ಕಾಣುತ್ತದೆ. ಹುಲ್ಲು ಹಬ್ಬಿದರೆ ಅದೂ ಗೊತ್ತಾಗದು. 36 ಅಡಿಗೆ ತಂದರೆ ಸುಮಾರು ಒಂದೂವರೆ ಅಡಿ ಆಳ ಕಾಣುತ್ತದೆ, ಗುಟ್ಟು ರಟ್ಟು. ಅಗೆದ ಮಣ್ಣನ್ನು ಅಂಚಿನಲ್ಲಿ ಪೇರಿಸಿದರೂ ಅಷ್ಟೇ. ಬಾಳೆ ಬುಡಕ್ಕೆ ಸಾಗಿಸಿ.

ಗೋಡೆಗೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಒಳ್ಳೆಯದು. ಬುಡದಲ್ಲಿ ಎರಡಡಿ, ತಲೆಯಲ್ಲಿ ಒಂದಡಿ ದಪ್ಪವಿರಲಿ, ಮುಖ ಸ್ವಲ್ಪ ಮನೆಯ ಕಡೆಗೆ ವಾಲಿರಲಿ. ಅಗೆಯುವಾಗ ಶೇಡಿ ಮಣ್ಣು ಸಿಕ್ಕಿದರೆ ಅದರ ಮೇಲೆ ನೇರವಾಗಿ ಕಲ್ಲಿಡಬೇಡಿ. ಒಣಗಿದಾಗ ಗಟ್ಟಿಯಿರುವ ಆ ಮಣ್ಣು ನೆನೆದರೆ ಕರಗಿ ಜಾರುತ್ತದೆ. ಅಗಲವಾದ ಕಾಂಕ್ರೀಟ್ ಪಾಯ ಬೇಕಾಗುತ್ತದೆ.

ಇಲ್ಲಿ ಗೋಡೆ ಬೀಳಿಸುವುದು ದನವಲ್ಲ, ಆಟಿಯ (ಜುಲೈ-ಆಗಸ್ಟಿನ) ಮಳೆ. ಹಿಂದಿನ ಮಣ್ಣು ನೀರು ಕುಡಿದು ಭಾರವಾಗಿ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಗೋಡೆಯ ಬೆನ್ನಿಗೆ ಒಂದಡಿ ಜಲ್ಲಿ ತುಂಬಿ, ಐದಡಿಗೊಂದರಂತೆ ಎರಡಿಂಚಿನ ಪೈಪು ಹೊರಗೆ ಬಿಡಿ. ತಳಕ್ಕೆ ನೂರಡಿಗೆ ಒಂದಡಿ ಇಳಿತ ಕೊಟ್ಟು ತೋಡಿಗೆ ಸೇರಿಸಿ. ನೀರು ನಿಂತರೆ ಸೊಳ್ಳೆಯೂ ಸೇರಿಕೊಳ್ಳುತ್ತದೆ. ತುಲಾಮಳೆ (ಅಕ್ಟೋಬರ್-ನವೆಂಬರಿನ ಹಿಂಗಾರು) ನಿಂತ ಮೇಲೆ ಶುರುಮಾಡಿ, ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆಯೊಳಗೆ ಮುಗಿಸಿ. ಹಸಿ ಇಳಿಜಾರಿಗೆ ಕರಿಕೆ ಹುಲ್ಲಿನ ಹೆಂಟೆ ಹೊದೆಸಿ, ಬೇರು ಹಿಡಿಯುವ ತನಕ ನೀರು ಹಾಕಿ.

ಆಡಿಗೆ ಇದನ್ನು ನಂಬಬೇಡಿ. ಕಲ್ಲಿನ ಸಂದಿನಲ್ಲಿ ಕಾಲಿಟ್ಟು ಹತ್ತಿಬಿಡುತ್ತದೆ. ಮನೆಯ ಕಡೆಯಿಂದ ಗೋಡೆ ಕಾಣದಿರುವುದೇ ಅಪಾಯ ಕೂಡ: ಕತ್ತಲಲ್ಲಿ ಬಂದ ನೆಂಟರು ನೇರ ಅಗಳಿಗೆ ಬೀಳುತ್ತಾರೆ. ಅಂಚಿನಿಂದ ಎರಡಡಿ ಒಳಗೆ ಕೇಪಳದ ಸಾಲು ನೆಟ್ಟು, ಮೊಣಕಾಲೆತ್ತರಕ್ಕೆ ಕತ್ತರಿಸುತ್ತಿರಿ. ಸಣ್ಣ ಮಕ್ಕಳಿರುವ ಮನೆಗಾದರೆ ಬೇಲಿಯೇ ವಾಸಿ.