‘ಡ್ರೈವ್ಸ್’ ಆಲ್ಬಮ್‌ನ ನಾದವನ್ನು ಸ್ವಂತ ರೆಕಾರ್ಡ್‌ನಿಂದ ಪಡೆದದ್ದು: ನನ್ನ ಅನುಭವ

ಜಾಝ್ ಆರ್ಗನ್ ವಾದಕ ಡಾ. ಲಾನಿ ಸ್ಮಿತ್ ಅವರ ‘ಡ್ರೈವ್ಸ್’ ಆಲ್ಬಮ್‌ನಲ್ಲಿರುವ ಡ್ರಮ್ ನಾದ ಬೇಕಾದರೆ ಅದೇ ಎಲ್‌ಪಿಯನ್ನು ಸ್ಯಾಂಪಲ್ ಮಾಡಬೇಕು, ಅಂದರೆ ಅದರ ತುಣುಕನ್ನೇ ಎತ್ತಿ ಬಳಸಬೇಕು, ಬೇರೆ ದಾರಿಯೇ ಇಲ್ಲ ಎಂದು ಹಿಪ್-ಹಾಪ್ ಹಾಡುಗಳಿಗೆ ಬೀಟ್ ಮಾಡುವ ಗೆಳೆಯರು ನನಗೆ ಹೇಳುತ್ತಲೇ ಬಂದಿದ್ದರು. ಹೊಸದಾಗಿ ನುಡಿಸಿ, ಅದನ್ನು ರೆಕಾರ್ಡ್ ಆಗಿ ಕೊರೆಸಿ, ಆ ರೆಕಾರ್ಡನ್ನೇ ಸ್ಯಾಂಪಲ್ ಮಾಡುವ ನನ್ನ ಯೋಜನೆಯನ್ನು ಅವರು ದುಡ್ಡು ದಂಡ ಎಂದು ತಳ್ಳಿಹಾಕಿದ್ದರು. ಈಗ ಅದೇ ದಾರಿಯಲ್ಲಿ ಒಂದು ಹಾಡು ಪೂರ್ಣಗೊಂಡಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

1970ರ ಜನವರಿಯಲ್ಲಿ, ನಾನು ಈಗ ವಾಸವಾಗಿರುವ ನ್ಯೂಜೆರ್ಸಿಯಲ್ಲೇ, ಎಂಗಲ್‌ವುಡ್ ಕ್ಲಿಫ್ಸ್‌ನ ವ್ಯಾನ್ ಗೆಲ್ಡರ್ ಸ್ಟುಡಿಯೊದಲ್ಲಿ ಜಾಝ್ ರೆಕಾರ್ಡ್ ಸಂಸ್ಥೆ ಬ್ಲೂ ನೋಟ್‌ಗಾಗಿ ಈ ಆಲ್ಬಮ್ ಧ್ವನಿಮುದ್ರಣಗೊಂಡಿತು. ಇದರಲ್ಲಿ ಬೇಸ್ ವಾದಕರಿಲ್ಲ. ಮಂದ್ರವನ್ನೆಲ್ಲ ಹ್ಯಾಮಂಡ್ ಆರ್ಗನ್ನೇ ಹೊರುತ್ತದೆ, ಆದ್ದರಿಂದ ಡ್ರಮ್ಮರ್ ಜೋ ಡ್ಯೂಕ್ಸ್ ಅವರ ಕಿಕ್ (ಕಾಲಿನಿಂದ ನುಡಿಸುವ ದೊಡ್ಡ ಡ್ರಮ್) ಮತ್ತು ಸ್ನೇರ್ (ಚುರುಕು ಸದ್ದಿನ ಸಣ್ಣ ಡ್ರಮ್) ಸುತ್ತ ಸಾಕಷ್ಟು ಜಾಗ ಉಳಿದಿದೆ. ಬ್ಲಡ್, ಸ್ವೆಟ್ ಅಂಡ್ ಟಿಯರ್ಸ್ ತಂಡದ ‘ಸ್ಪಿನ್ನಿಂಗ್ ವೀಲ್’ ಹಾಡನ್ನು ಸ್ಮಿತ್ ಮತ್ತು ಸಂಗಡಿಗರು ಇಲ್ಲಿ ನುಡಿಸಿದ್ದಾರೆ. ಆ ಡ್ರಮ್ಸ್ ಅನ್ನೇ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಎಂಬ ಹಿಪ್-ಹಾಪ್ ತಂಡವು 1990ರ ‘ಕ್ಯಾನ್ ಐ ಕಿಕ್ ಇಟ್?’ ಹಾಡಿಗೆ ಬಳಸಿಕೊಂಡಿತು. ಬೇಸ್ ಲೂ ರೀಡ್ ಅವರ ಹಾಡಿನಿಂದ ಬಂದದ್ದು. ಆ ಬೇಸ್‌ನ ಹಕ್ಕಿನಿಂದಾಗಿ ತಮ್ಮ ತಂಡಕ್ಕೆ ‘ಕ್ಯಾನ್ ಐ ಕಿಕ್ ಇಟ್?’ ಹಾಡಿನಿಂದ ಹಣವೇ ದಕ್ಕಲಿಲ್ಲ ಎಂದು ತಂಡದ ಫೈಫ್ ಡಾಗ್ ಮುಂದೆ ಹೇಳಿಕೊಂಡಿದ್ದರು.

ನನ್ನನ್ನು ಈ ದಾರಿಗೆ ತಂದದ್ದೂ ಹಣದ ವಿಷಯವೇ. ಬೇರೊಂದು ಆರ್ಗನ್ ರೆಕಾರ್ಡ್‌ನ ಎರಡೇ ಬಾರ್‌ಗೆ (ತಾಳದ ಎರಡು ಆವರ್ತಕ್ಕೆ) ಹಕ್ಕುದಾರರು ಮುಂಗಡವಾಗಿ ಸುಮಾರು ಮೂರು ಸಾವಿರ ಡಾಲರ್ ಕೇಳಿದರು, ಅದೂ ಮೂಲಮುದ್ರಣಕ್ಕೆ ಮಾತ್ರ. ರಚನೆಯ ಹಕ್ಕಿಗೆ ಬೇರೆ ಲೆಕ್ಕ. ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಮೂಲವಸ್ತುವನ್ನೇ ತಯಾರಿಸಬಲ್ಲೆ ಎಂದು ಆಗ ನಿಶ್ಚಯಿಸಿದೆ.

ನ್ಯೂವಾರ್ಕ್‌ನ ಚರ್ಚೊಂದರಲ್ಲಿದ್ದ ಹ್ಯಾಮಂಡ್ ಬಿ-3 ಆರ್ಗನ್ ಮತ್ತು ಅದರ ತಿರುಗುವ ಸ್ಪೀಕರ್ ಲೆಸ್ಲಿಯನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಬಾಡಿಗೆಗೆ ಪಡೆದೆವು. ಮುನ್ನೂರು ಡಾಲರ್ ಆಸುಪಾಸು ಆಯಿತು. ಮೇಲಿನ ಕೀಲಿಮಣೆಯ ಮೊದಲ ಮೂರು ಡ್ರಾಬಾರ್ (ನಾದ ಬೆರೆಸುವ ಎಳೆಗೋಲು) ಪೂರ್ತಿ ಹೊರಕ್ಕೆ, ಆರ್ಗನ್ನಿನ ‘ಪರ್ಕಷನ್’ (ಸ್ವರದ ಆರಂಭಕ್ಕೆ ಒತ್ತು ಕೊಡುವ ಸೌಲಭ್ಯ) ಮೂರನೆಯ ಹಾರ್ಮೋನಿಕ್‌ಗೆ, ಗತಿ ನಿಮಿಷಕ್ಕೆ 96 ಬೀಟ್‌ಗಳ ಹತ್ತಿರ. ಡ್ರಮ್ಸ್‌ಗೆ ಇಟ್ಟದ್ದು ಎರಡೇ ಮೈಕ್. ಆರ್ಗನ್ನಿನ ಸದ್ದು ಡ್ರಮ್ಸ್ ಮೈಕ್‌ಗೆ ಸೋರುವುದನ್ನು ನಾನು ತಡೆಯಲಿಲ್ಲ, ಏಕೆಂದರೆ ಸ್ನೇರ್ ಏಟಿನ ಬಾಲದಲ್ಲಿ ಆ ಸೋರಿಕೆ ಇಲ್ಲದಿದ್ದರೆ ಹಳೆಯ ರೆಕಾರ್ಡ್‌ನ ಗುಣ ಬರುವುದಿಲ್ಲ. ಕಿಕ್ ಮೈಕ್ ಎಲ್ಲಿತ್ತೆಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕಷ್ಟ ಶುರುವಾದದ್ದು ಕೊರೆಸುವಲ್ಲಿ. ಒಂದೊಂದಾಗಿ ಯಂತ್ರದಲ್ಲಿ ಕೊರೆಯುವ ಹತ್ತಿಂಚಿನ ಲೇಥ್-ಕಟ್ ಡಿಸ್ಕ್ ಒಂದಕ್ಕೆ ನಲವತ್ತು ಡಾಲರ್ ಕೊಟ್ಟು ತರಿಸಿದ ಮೊದಲ ಪ್ರತಿಯಲ್ಲಿ, ಲೆಸ್ಲಿಯ ಕೆಳಭಾಗದ ಎರಡು ಮೈಕ್‌ಗಳಿಂದ ಬಂದ ಪೆಡಲ್ ಮಂದ್ರವು ಎರಡು ಚಾನೆಲ್‌ಗಳಲ್ಲಿ ಫೇಸ್ ತಪ್ಪಿದ್ದರಿಂದ (ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತಿದ್ದುದರಿಂದ), ಸೂಜಿ ತೋಡಿನಿಂದ ಜಿಗಿಯುತ್ತಿತ್ತು. ಮುಂದಿನದರಲ್ಲಿ ಕೊರೆದವರು ಮಟ್ಟವನ್ನು ತೀರಾ ತಗ್ಗಿಸಿದ್ದರಿಂದ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಟ್ಟೆ) ರೆಕಾರ್ಡ್‌ನ ಮೇಲ್ಮೈ ಸದ್ದಿನಲ್ಲಿ ಮುಳುಗಿಹೋಯಿತು. ಕೊನೆಗೆ ಎಲ್ಲವನ್ನೂ ಮೋನೊ (ಒಂದೇ ಚಾನೆಲ್) ಮಾಡಿ, ಬದಿಗೆ ಎರಡೇ ನಿಮಿಷ ಇರುವಂತೆ ಕೊಟ್ಟಾಗ ತೋಡು ದಪ್ಪವಾಗಿ, ಗಟ್ಟಿಯಾಗಿ ಬಂದಿತು. ಹಾಳಾದ ಪ್ರತಿಗಳಿಗೇ ಇನ್ನೂರು ಡಾಲರ್ ಹೋಗಿರಬೇಕು.

ಅದನ್ನು ನಿಮಿಷಕ್ಕೆ 33 ಸುತ್ತಿನ ಬದಲು 45 ಸುತ್ತಿನ ವೇಗದಲ್ಲಿ ಓಡಿಸಿ, ತುಣುಕು ಹಿಡಿದು ನುಡಿಸುವ ಯಂತ್ರವಾದ ಸ್ಯಾಂಪ್ಲರ್‌ಗೆ ಇಳಿಸಿದೆ. ಎಸ್‌ಪಿ-1200 ಎಂಬ ಹಳೆಯ ಸ್ಯಾಂಪ್ಲರ್‌ನಲ್ಲಿ ಒಟ್ಟು ಹತ್ತು ಸೆಕೆಂಡು ಮಾತ್ರ ಹಿಡಿಯುತ್ತಿದ್ದುದರಿಂದ ಹಿಂದಿನವರು ಜಾಗ ಉಳಿಸಲು ಕಂಡುಕೊಂಡ ಉಪಾಯವಿದು, ವೇಗ 1.35 ಪಟ್ಟು ಏರುವುದರಿಂದ ಹತ್ತು ಸೆಕೆಂಡಿನಲ್ಲಿ ಹದಿಮೂರೂವರೆ ಸೆಕೆಂಡಿನ ಸಂಗೀತ ಹಿಡಿಯುತ್ತದೆ. ಆ ಯಂತ್ರದ ಈಗಿನ ಬೆಲೆ ನನ್ನ ಅಳತೆಗೆ ಮೀರಿದ್ದು. ನಾನು ಬಳಸಿದ್ದು ನಾನೂರು ಡಾಲರ್‌ಗೆ ಕೊಂಡ ಅಕಾಯ್ ಎಸ್950, ಇದೂ ಅದರಂತೆ 12 ಬಿಟ್ ಸ್ಯಾಂಪ್ಲರ್. ಅದರ ಫ್ಲಾಪಿ ಡ್ರೈವ್ ರಿಪೇರಿಗೆ ಮತ್ತೆ ನೂರೈವತ್ತು ಸೇರಿತು. ಬ್ಯಾಂಡ್‌ವಿಡ್ತನ್ನು (ಯಂತ್ರ ಹಿಡಿಯುವ ಆವರ್ತನದ ಮೇಲ್ಮಿತಿಯನ್ನು) 13 ಕಿಲೋಹರ್ಟ್ಸ್‌ನ ಸುತ್ತ ನಿಲ್ಲಿಸಿ, ಆಮೇಲೆ ಶ್ರುತಿಯನ್ನು ಐದು ಸೆಮಿಟೋನ್‌ಗಿಂತ (ಅರ್ಧಸ್ವರಕ್ಕಿಂತ) ಸ್ವಲ್ಪ ಹೆಚ್ಚು ಕೆಳಗಿಳಿಸಿ ಮೂಲ ವೇಗಕ್ಕೆ ತಂದಾಗ, ಮೂಲದಲ್ಲಿ ಒಂಬತ್ತೂವರೆ ಕಿಲೋಹರ್ಟ್ಸ್‌ಗೆ ಮೇಲಿದ್ದುದೆಲ್ಲ ಕಳಚಿ, ಸ್ನೇರ್‌ಗೆ ನಾನು ಹುಡುಕುತ್ತಿದ್ದ ತೂಕ ಬಂದಿತು. ಕಂಪ್ಯೂಟರಿನ ಪ್ಲಗಿನ್‌ಗಳಲ್ಲಿ ಇದೇ ಅಂಕಿಗಳನ್ನು ಇಟ್ಟು ನೋಡಿದ್ದೇನೆ. ಹೈ-ಹ್ಯಾಟ್ ಹತ್ತಿರವಾಗುತ್ತದೆ, ಕಿಕ್ ಆಗುವುದಿಲ್ಲ.

ಇದರ ನಡುವೆ ಮನೆಯ ಹಾರ್ಮೋನಿಯಂ ಅನ್ನು ಮೈಕ್ ಮೂಲಕ ಲೆಸ್ಲಿಗೆ ಹಾಯಿಸಿಯೂ ನೋಡಿದೆ. ನಿಧಾನಗತಿಯಲ್ಲಿ ಅದು ಬಹಳ ಚೆನ್ನಾಗಿ ತೂಗುತ್ತದೆ, ಆದರೆ ಹ್ಯಾಮಂಡ್ ಕೀ ಒತ್ತಿದಾಗ ಕೇಳುವ ಆ ಕ್ಲಿಕ್ ಇಲ್ಲದ ಕಾರಣ ಡ್ರಮ್ಸ್ ಜೊತೆ ಲಯಕ್ಕೆ ಹಿಡಿತ ಸಿಗುವುದಿಲ್ಲ. ಆ ಮುದ್ರಣವನ್ನು ಬೇರೊಂದು ಹಾಡಿನ ಪೀಠಿಕೆಗೆಂದು ಇಟ್ಟುಕೊಂಡಿದ್ದೇನೆ.

ಹೀಗೆ ಸಿಕ್ಕ ಲೂಪ್ (ಮತ್ತೆ ಮತ್ತೆ ಸುತ್ತುವ ತುಣುಕು) ಕೇಳಿಸಿದಾಗ, ಅತಿ ಹೆಚ್ಚು ಸಂಶಯಪಟ್ಟಿದ್ದ ಗೆಳೆಯನೇ ಇದು ಬ್ಲೂ ನೋಟ್‌ನ ಯಾವ ಎಲ್‌ಪಿ ಎಂದು ಕೇಳಿದ. ವಾದಕರಿಗೆ ಕೊಟ್ಟದ್ದೂ ಸೇರಿ ಒಟ್ಟು ಖರ್ಚು ಸಾವಿರದ ನಾನೂರು ಡಾಲರ್ ಸುತ್ತಮುತ್ತ ಆಗಿದೆ. ಸ್ಯಾಂಪ್ಲರ್ ಮುಂದಿನ ಹಾಡುಗಳಿಗೂ ಉಳಿಯುತ್ತದೆ. ಆರ್ಗನ್ ಮತ್ತು ಡ್ರಮ್ಸ್ ನುಡಿಸಿದ ಇಬ್ಬರ ಹೆಸರನ್ನೂ ರಚನಕಾರರ ಪಟ್ಟಿಯಲ್ಲಿ ಸೇರಿಸಿ, ಲೂಪ್‌ನಿಂದ ಬರುವ ಹಣದಲ್ಲಿ ಮೂವರಿಗೂ ಸಮಪಾಲು ಎಂದು ಕಾಗದ ಮಾಡಿಕೊಂಡಿದ್ದೇವೆ.