ಕ್ರೂಗರ್‌ನಲ್ಲಿ ಗೈಡ್ ಇಲ್ಲ, ಜೀಪ್ ಇಲ್ಲ: ನನ್ನ ಅನುಭವ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಬಾಡಿಗೆ ಕಾರು ಹಿಡಿದು ನಾವೇ ಸಫಾರಿ ಮಾಡುತ್ತೇವೆ ಎಂದಾಗ ನಮ್ಮ ಕಬಿನಿ ಗೆಳೆಯರು ನಕ್ಕಿದ್ದರು. "ಜಿಂಕೆ ನೋಡ್ಕೊಂಡು ಬರ್ತೀರಿ, ಅಷ್ಟೇ" ಎಂದವರೇ ಜಾಸ್ತಿ. ಫೋಟೋ ನೋಡಿದ ಮೇಲೆ ಈಗ ಅವರೇ ಫೋನ್ ಮಾಡಿ ಖರ್ಚು ಎಷ್ಟಾಯ್ತು ಅಂತ ಕೇಳುತ್ತಿದ್ದಾರೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡುತ್ತೇನೆ.

ಮೊದಲು ದುಡ್ಡಿನ ಮಾತು. ಪಕ್ಕದ ಖಾಸಗಿ ಕಾಡು ಸಾಬಿ ಸ್ಯಾಂಡ್‌ನ ದುಬಾರಿ ಲಾಡ್ಜ್‌ಗಳಲ್ಲಿ ಒಬ್ಬರಿಗೆ ಒಂದು ರಾತ್ರಿಗೇ ಲಕ್ಷ ದಾಟುತ್ತದೆ. ನಾವು ಮೂವರು, ಒಂದು ಸಣ್ಣ ಕಾರು, ಪಾರ್ಕಿನೊಳಗಿನ ಸರ್ಕಾರಿ ಕ್ಯಾಂಪು. ವಿಮಾನ, ವೀಸಾ ಎಲ್ಲ ಸೇರಿ ತಲೆಗೆ ಒಂದೂ ಮುಕ್ಕಾಲು ಲಕ್ಷದ ಆಸುಪಾಸು. ಹೊಟ್ಟೆ ಉರಿಸಿದ್ದು ದಿನದ ಪ್ರವೇಶ ಶುಲ್ಕ. ವಿದೇಶಿಯರಿಗೆ ಅಲ್ಲಿನವರ ನಾಲ್ಕು ಪಟ್ಟಿಗೂ ಹೆಚ್ಚು! ಒಂದು ವಾರ ದಾಟುವುದಾದರೆ ವೈಲ್ಡ್ ಕಾರ್ಡ್ ಅಂತ ವರ್ಷದ ಪ್ರವೇಶ ಪಾಸ್ ಇದೆ, ಅದನ್ನು ಮಾಡಿಸಿ, ಉಳಿಯುತ್ತದೆ. ಕಾರಿನ ಕೌಂಟರ್‌ನಲ್ಲಿ ಡೆಬಿಟ್ ಕಾರ್ಡ್ ಬೇಡವೇ ಬೇಡ ಎಂದರು. ಕ್ರೆಡಿಟ್ ಕಾರ್ಡಿನಲ್ಲಿ ಠೇವಣಿಯಾಗಿ ಹಿಡಿದಿಟ್ಟ ಎಪ್ಪತ್ತೋ ಎಂಬತ್ತೋ ಸಾವಿರ ಬಿಡುಗಡೆಯಾಗಲು ತಿಂಗಳೇ ಬೇಕಾಯಿತು.

ಮೊದಲ ದಿನಗಳು ದಂಡ. ಕ್ಯಾಂಪಿನಲ್ಲಿ ಯಾವ ಪ್ರಾಣಿ ಎಲ್ಲಿ ಕಂಡಿತು ಅಂತ ಬಣ್ಣದ ಗುರುತು ಹಾಕುವ ಬೋರ್ಡ್ ಇರುತ್ತದಲ್ಲ, ಅದನ್ನು ನೋಡಿ ಓಡಿದ್ದೇ ಓಡಿದ್ದು. ಡಾಂಬರು ರಸ್ತೆಯಲ್ಲೂ 50 ದಾಟುವಂತಿಲ್ಲ. ನಾವು ಮುಟ್ಟುವಷ್ಟರಲ್ಲಿ ಸಿಂಹ ಹುಲ್ಲಿನೊಳಗೆ, ಕಾಣುವುದು ಮುಂದಿನ ಕಾರುಗಳ ಹಿಂಬದಿ. ಸುಮಾರು 19,500 ಚದರ ಕಿಲೋಮೀಟರ್ ಕಾಡು. ಅಟ್ಟಿಸಿಕೊಂಡು ಹೋಗಿ ನೋಡುವುದು ಆಗದ ಮಾತು.

ಕಡೆಗೆ ಕಬಿನಿಯಲ್ಲಿ ಮಾಡುವುದನ್ನೇ ಅಲ್ಲೂ ಮಾಡಿದೆವು. ಎಂಜಿನ್ ಆಫ್, ಕಾಲ್‌ಗೆ, ಅಂದರೆ ಬೇಟೆಗಾರ ಪ್ರಾಣಿ ಕಂಡಾಗ ಜಿಂಕೆ, ಅಳಿಲು ಕೊಡುವ ಎಚ್ಚರಿಕೆಯ ಕೂಗಿಗೆ ಕಾಯುವುದು. ಲೋವರ್ ಸಾಬಿ ಕ್ಯಾಂಪಿನಲ್ಲಿ ಬಿಡಾರ ಹೂಡಿ, ಅಲ್ಲಿಂದ ಇನ್ನೊಂದು ಕ್ಯಾಂಪ್ ಸ್ಕುಕುಜಾ ಕಡೆಗೆ ಸಾಬಿ ನದಿಯ ಗುಂಟ ಹೋಗುವ ಎಚ್4-1 ರಸ್ತೆ ಒಂದನ್ನೇ ಹಿಡಿದೆವು. ಇಡೀ ರಸ್ತೆ 45 ಕಿಲೋಮೀಟರ್ ಇರಬಹುದು. ನಾವು ಉಜ್ಜಿದ್ದು ಅದರಲ್ಲಿ ಹತ್ತು ಹನ್ನೆರಡು ಮಾತ್ರ. ಕಾಯುತ್ತಿದ್ದ ತಿರುವು ಯಾವುದು ಅಂತ ಮಾತ್ರ ಕೇಳಬೇಡಿ, ಹೇಳಲ್ಲ.

ಅಲ್ಲಿನ ಜಿಂಕೆಯಂಥ ಪ್ರಾಣಿ ಇಂಪಾಲ ನಮ್ಮ ಚುಕ್ಕಿ ಜಿಂಕೆಯ ಹಾಗೆ ಕೂಗುವುದಿಲ್ಲ, ಸೀನಿದಂತೆ ಫುಸ್ ಎನ್ನುತ್ತದೆ. ಅವತ್ತು ಬೆಳಿಗ್ಗೆ ಇಡೀ ಗುಂಪು ಮೇಯುವುದು ಬಿಟ್ಟು ನದಿಯ ಜೊಂಡಿನ ಕಡೆಗೇ ಮುಖ ಮಾಡಿ ನಿಂತಿತ್ತು. ಒಂದು ಫುಸ್. ಮರದ ಮೇಲಿನ ಅಳಿಲು ಶುರು ಹಚ್ಚಿಕೊಂಡಿತು. ಮುಕ್ಕಾಲು ಗಂಟೆ ಏನೂ ಇಲ್ಲ. ಹಿಂದಿನಿಂದ ಬಂದ ಕಾರುಗಳು ನಮ್ಮನ್ನು ನೋಡಿ, ಸುಮ್ನೆ ನಿಂತಿದ್ದಾರೆ ಅಂದುಕೊಂಡು ಮುಂದೆ ಹೋದವು. ಆಮೇಲೆ ಚಿರತೆ ದಡ ಹತ್ತಿ ಬಂತು. ಬಂಪರಿನಿಂದ ನಾಲ್ಕು ಮೀಟರ್ ದೂರದಲ್ಲಿ ನಿಂತು ಒಂದು ಪೊದೆ ಮೂಸಿತು. ಬಾಲ ಮೇಲಕ್ಕೆ ಸುತ್ತಿಕೊಂಡಿತ್ತು, ತುದಿಯ ಕೆಳಗಿನ ಬಿಳಿ ಚೆನ್ನಾಗಿ ಕಾಣುತ್ತಿತ್ತು. 400 ಎಂಎಂ ಲೆನ್ಸಿಗೆ ಚಿರತೆ ಪೂರ್ತಿ ಹಿಡಿಸಲಿಲ್ಲ, ಮುಖ ಮಾತ್ರ! ಅಲ್ಲಿಂದ ಮುಂದೆ ವಾಪಸಾಗುವ ತನಕ ಅದೇ ರಸ್ತೆಯಲ್ಲಿ ಚಿರತೆ ಮತ್ತೆ ಮತ್ತೆ ಸಿಕ್ಕಿತು.

ಸಂಜೆಗೆ ಸನ್‌ಸೆಟ್ ಡ್ಯಾಂ. ಕ್ಯಾಂಪಿನ ಗೇಟಿಗೆ ಒಂದೇ ಕಿಲೋಮೀಟರ್. ಜೂನ್, ಜುಲೈನಲ್ಲಿ ಗೇಟು ಐದೂವರೆಗೆ ಮುಚ್ಚುತ್ತದೆ, ತಡವಾದರೆ ದಂಡ. ಉಳಿದವರೆಲ್ಲ ಐದು ಗಂಟೆಗೇ ಗಾಬರಿಯಲ್ಲಿ ಹೊರಟಾಗ ನಾವು ಆರಾಮಾಗಿ ಹಿಪ್ಪೋ ಹಿಂದಿನ ಕೆಂಪು ಬೆಳಕು ತೆಗೆಯುತ್ತಿದ್ದೆವು.

ಕಿಟಕಿಯ ಮೇಲೆ ಲೆನ್ಸ್ ಊರಲು ಇಡುವ ಚೀಲ, ಬೀನ್ ಬ್ಯಾಗ್, ಇಲ್ಲಿಂದ ಖಾಲಿ ಒಯ್ದೆ. ಅಲ್ಲಿನ ಅಂಗಡಿಯಲ್ಲಿ ಮೂರು ಕೇಜಿ ಅಕ್ಕಿ ಕೊಂಡು ತುಂಬಿಸಿದೆ. ಕೊನೆಯ ರಾತ್ರಿ ಅದೇ ಅಕ್ಕಿಗೆ ಪುಳಿಯೋಗರೆ ಗೊಜ್ಜು ಕಲಸಿ ತಿಂದೆವು. ರೆಕಾರ್ಡರ್ ಅನ್ನು ರಾತ್ರಿಯಿಡೀ ಬೇಲಿಯ ಹತ್ತಿರ ಇಟ್ಟೂ ನೋಡಿದೆ. ಸಿಂಹದ ಗರ್ಜನೆ ಸಿಗಲಿ ಅಂತ ಇಟ್ಟಿದ್ದು. ಸಿಕ್ಕಿದ್ದು ಕತ್ತೆಕಿರುಬದ ಕೂಗು ಒಂದೆರಡು, ಉಳಿದದ್ದೆಲ್ಲ ಪಕ್ಕದ ಟೆಂಟಿನವರ ಗೊರಕೆ.

ಮುಂದಿನ ಸಲ ಕ್ರೂಗರ್‌ನದೇ ಸತಾರಾ ಕ್ಯಾಂಪಿನ ಕಡೆಯ ಎಸ್100 ರಸ್ತೆಯಲ್ಲಿ ಸಿಂಹಕ್ಕೆ ಕೂರುವ ಯೋಚನೆ ಇದೆ. ಅದು ಮಣ್ಣಿನ ರಸ್ತೆ. ಸಣ್ಣ ಕಾರಿನ ಕಿಟಕಿಯ ಎತ್ತರಕ್ಕೆ ಹುಲ್ಲು ಅಡ್ಡ ಬರುತ್ತದಾ? ಹೋಗಿ ಬಂದವರಿದ್ದರೆ ಹೇಳಿ. ದೊಡ್ಡ ಗಾಡಿ ಅಂದರೆ ಬಾಡಿಗೆ ಹೆಚ್ಚುಕಡಿಮೆ ಎರಡರಷ್ಟು.