ಹೆಳವರ ವಂಶಾವಳಿ ಪುಸ್ತಕ: ದಾಖಲಿಸಿ ಕಾಪಿಡುವುದು ಹೇಗೆ

ಕ್ಯಾಮೆರಾ ತೆಗೆಯುವ ಮೊದಲು ಪ್ರತಿ ಯಾರ ಬಳಿ ಇರಬೇಕೆಂದು ಇತ್ಯರ್ಥ ಮಾಡಿಕೊಳ್ಳಿ. ಒಕ್ಕಲು ಮನೆಗಳಿಗೆ ಅವರ ವಂಶ ಓದಿ ಹೇಳಿ ಕಾಳು, ಬಟ್ಟೆ, ಹಣ ಪಡೆಯುವುದು ಹೆಳವರ ಕಸುಬು. ದತ್ತು, ಪಾಲು, ಊರು ಬಿಟ್ಟ ಕಾರಣ ಎಲ್ಲವೂ ಪುಸ್ತಕದಲ್ಲಿರಬಹುದು. ಇಡೀ ಪುಸ್ತಕವನ್ನು ಅಂತರ್ಜಾಲಕ್ಕೇರಿಸಿದರೆ ಅವರ ಅನ್ನಕ್ಕೂ ಒಕ್ಕಲಿನ ಮಾನಕ್ಕೂ ಕುತ್ತು. ಮೂಲ ಪ್ರತಿ ಹೆಳವರ ಮನೆಯ ಹೊಸ್ತಿಲು ದಾಟಬಾರದು. ಒಪ್ಪಿಗೆಯನ್ನು ಅವರ ಮಾತಿನಲ್ಲೇ ಧ್ವನಿಮುದ್ರಿಸಿಕೊಳ್ಳಿ. ಸುಗ್ಗಿ ಮುಗಿದರೆ ಅವರು ಸಂಚಾರ ಹೊರಡುತ್ತಾರೆ, ಮೊದಲೇ ದಿನ ಕೇಳಿ.

20x30 ಸೆಂ.ಮೀ. ಪುಟವನ್ನು ಇಂಚಿಗೆ 300 ಚುಕ್ಕೆಯಂತೆ ಹಿಡಿಯಲು ಸುಮಾರು 8.4 ಮೆಗಾಪಿಕ್ಸೆಲ್ ಬೇಕು. 12 ಮೆಗಾಪಿಕ್ಸೆಲ್ ಫೋನ್ ಸಾಕು, ಆದರೆ ಒಂದು ಸಲಕ್ಕೆ ಒಂದೇ ಪುಟ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಪುಟಕ್ಕೆ ಸಮಾನಾಂತರವಾಗಿಡಿ; ಓರೆಯಾದರೆ ಒಂದು ಅಂಚಿನ ಅಕ್ಷರ ಮಸುಕಾಗುತ್ತದೆ. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಸಾಕು. ಹೊಲಿಗೆ ಬಿರಿಯದಂತೆ ಪುಸ್ತಕವನ್ನು ಅರ್ಧ ತೆರೆದು ಎರಡೂ ಬದಿಗೆ ಸುರುಳಿ ಸುತ್ತಿದ ಬಟ್ಟೆಯ ಆಸರೆ ಕೊಡಿ. ಖಾಲಿ ಪುಟವನ್ನೂ ಬಿಡಬೇಡಿ, ಇಲ್ಲದಿದ್ದರೆ ಪುಟ ತಪ್ಪಿಹೋಯಿತೇ ಎಂಬ ಅನುಮಾನ ಉಳಿಯುತ್ತದೆ.

ಜೊತೆಗೆ ಕಡತ, ಅಂದರೆ ಬಟ್ಟೆಯ ಪುಸ್ತಕ, ಸಿಕ್ಕರೆ ಎಚ್ಚರ. ಹುಣಸೆ ಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದ ಬರಹವಿರುತ್ತದೆ. ಒದ್ದೆ ಬಟ್ಟೆ ತಾಗಿದರೆ ಅಕ್ಷರವೇ ಹೋಯಿತು. ಬೆಳಕನ್ನು ಪಕ್ಕದಿಂದ, ತಗ್ಗಿನಲ್ಲಿ ಬಿಟ್ಟರೆ ಮಾಸಿದ ಗೆರೆಗಳೂ ಕಾಣುತ್ತವೆ.

ಪುಟದಷ್ಟೇ ಮುಖ್ಯ ದನಿ. ಬರೆದದ್ದು ಎಷ್ಟೋ ಕಡೆ ಬರೀ ಹೆಸರುಗಳ ಸಾಲು. ಯಾರು ಯಾವ ಊರಿಂದ ಬಂದರು, ಏಕೆ ಬಂದರು ಎಂಬುದು ಎಷ್ಟೋ ಸಲ ಓದುವವರ ಬಾಯಲ್ಲಿ ಮಾತ್ರ ಇರುತ್ತದೆ. ಪುಟಸಂಖ್ಯೆ ಹೇಳಿಯೇ ಓದು ಶುರುವಾಗಲಿ. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲಾಗಿ ಉಳಿಸಿ, ಫ್ಯಾನ್ ನಿಲ್ಲಿಸಿ. ಸಂವತ್ಸರದ ಹೆಸರಷ್ಟೇ ಇದ್ದರೆ ಇಸವಿ ಊಹಿಸಬೇಡಿ: ಪ್ರಭವ 1867ರಲ್ಲೂ ಬಂದಿದೆ, 1927ರಲ್ಲೂ. ಯಾವ ತಲೆಮಾರಿನವರು ಎಂದು ಕೇಳಿ ನಿರ್ಧರಿಸಿ.

ಲ್ಯಾಮಿನೇಶನ್, ಸೆಲ್ಲೋಟೇಪ್, ಪಿನ್ನು ಮೂರೂ ಕಾಗದಕ್ಕೆ ವೈರಿ. ಟೇಪಿನ ಅಂಟು ಹಳದಿಗಟ್ಟಿ ಅಕ್ಷರವನ್ನೇ ನುಂಗುತ್ತದೆ. ಗಂಜಿಯಿಲ್ಲದ ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಳೆ ಹೊಡೆಯುವ ಗೋಡೆಯಿಂದ ದೂರವಿಡಿ. ಬೇವಿನೆಲೆಯನ್ನು ಪುಟಗಳ ನಡುವೆ ಇಡುವ ರೂಢಿ ಚೆಂದ, ಕಲೆ ಮಾತ್ರ ಖಾತ್ರಿ, ಗಂಟಿನ ಹೊರಗಿಡಿ. ಹುಳು ಬಿದ್ದ ಕಾಗದದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಬಿಗಿದು, ಡೀಪ್ ಫ್ರೀಜರಿನಲ್ಲಿ −18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಪುಟದ ಮೇಲೆ ನೀರು ಕೂರುತ್ತದೆ.

ಫೈಲುಗಳ ಮೂರು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿ. ಒಂದು ಮುದ್ರಿತ ಪ್ರತಿ, ದೊಡ್ಡ ಅಕ್ಷರದಲ್ಲಿ, ಆ ಹೆಳವರ ಮನೆಗೆ.